ತಮ್ಮನ ಕಾವಿಗೆ ಇಟ್ಟ ಮೊಟ್ಟೆ

ಮರಿಯಕ್ಕನ ತಮ್ಮನನ್ನು ಬೀದಿಯವರು ಕರೆಯುತ್ತಿದ್ದದ್ದು ‘ಮುಂದಿನ್ವರ್ಷ’ ಎಂದು. ಯಾವ ಕೆಲಸಕ್ಕೆ ಕೈ ಹಾಕಿದರೂ "ಮುಂದಿನ ವರ್ಷ ನೋಡ್ತಿರಿ" ಎನ್ನುವುದು ಅವನ ಚಾಳಿ. ಮುಂದಿನ ವರ್ಷ ಹೋಗಿ ನೋಡಿದರೆ ಆಸಾಮಿ ಇನ್ನೊಂದಕ್ಕೆ ಕೈ ಹಾಕಿರುತ್ತಿದ್ದ. ಬೆನ್ನುನೋವಿಗೆ ಅಯಸ್ಕಾಂತದ ಹಾಸಿಗೆ ಮಾರಿದ. ಕೊಂಡವರ ನೋವು ಹೋಗಲಿಲ್ಲ, ಕೊಂಡವರೇ ಮನೆ ಹುಡುಕಿಕೊಂಡು ಬಂದರು. ಮೊಬೈಲ್ ರಿಪೇರಿ ಅಂಗಡಿ ಇಟ್ಟ. ಬಿಚ್ಚುವುದರಲ್ಲಿ ನಿಸ್ಸೀಮ, ತಿರುಗಿ ಜೋಡಿಸುವ ಹೊತ್ತಿಗೆ ಬೇಸರ ಬಂದುಬಿಡುತ್ತಿತ್ತು. ವಯಸ್ಸು ಮೂವತ್ತು ದಾಟಿದ್ದರೂ ತಿಂದ ತಟ್ಟೆ ತೊಳೆದವನಲ್ಲ. ಆದರೆ ಪ್ರಪಂಚದ ಹಣಕಾಸು ಹೇಗೆ ನಡೆಯಬೇಕು ಅಂತ ಕೇಳಿ ನೋಡಿ, ನಿಮ್ಮ ಕಾಲು ಸೋಲುವವರೆಗೂ ನಿಲ್ಲಿಸಿಕೊಂಡು ಹೇಳುತ್ತಿದ್ದ.

ಅಕ್ಕನಿಗೆ ಅವನನ್ನು ಕಂಡರೆ ತಾತ್ಸಾರ. ಅದನ್ನವಳು ಎಂದೂ ಮುಚ್ಚಿಟ್ಟವಳಲ್ಲ. ಎಂಟು ವರ್ಷ ಕೋಳಿ ಕತ್ತರಿಸುವ ಶೆಡ್ಡಿನಲ್ಲಿ ಕುದಿನೀರಿನ ಹಂಡೆಯ ಮುಂದೆ ನಿಂತ ಹೆಂಗಸು ಅವಳು. ಕತ್ತು ಕೊಯ್ದ ಕೋಳಿಗಳನ್ನು ಅದರಲ್ಲಿ ಅದ್ದಿ ಅದ್ದಿ ಪುಕ್ಕ ಕೀಳುವುದು ಕೆಲಸ. ಉಗುರಿನ ಬುಡ ಬಿಳಿಚಿಕೊಂಡು, ಬೆರಳ ಸಂದಿಗಳು ಒಡೆದು, ಊಟಕ್ಕೆ ಕೂತರೂ ಕೈಯಿಂದ ಒದ್ದೆ ಪುಕ್ಕದ ನಾತ ಹೋಗುತ್ತಿರಲಿಲ್ಲ. ಒಂದು ದಿನ ಶೆಡ್ಡಿನ ಮೇಸ್ತ್ರಿಗೆ "ಇನ್ನು ಸತ್ತ ಕೋಳಿ ಮುಟ್ಟಲ್ಲ, ಏನಿದ್ರೂ ಜೀವ ಇರೋದೇ" ಎಂದು ಹೇಳಿ ಹೊರಬಿದ್ದಳು. ಕೂಡಿಟ್ಟದ್ದನ್ನೆಲ್ಲ ಸುರಿದು ಮೊಟ್ಟೆಯಿಂದ ಮರಿ ಮಾಡುವ ಹಳೆಯ ಯಂತ್ರವೊಂದನ್ನು ಕೊಂಡಳು. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಒಳಗೆ ಸಾಲು ಸಾಲು ತಟ್ಟೆ, ತಳದಲ್ಲಿ ಕರೆಂಟಿನಿಂದ ಕಾಯುವ ಕಾಯಿಲ್. ಅದನ್ನು ಮನೆಯ ಹಿಂದಿನ ಕೋಣೆಯಲ್ಲಿ ನಿಲ್ಲಿಸಿ, ಕೋಳಿ ಸಾಕುವವರಿಗೆ ಮರಿ ಮಾಡಿ ಕೊಡತೊಡಗಿದಳು. ಮರಿಯಕ್ಕ ಎನ್ನುವ ಹೆಸರು ಬಂದದ್ದು ಆಮೇಲೆ. ಪೆಟ್ಟಿಗೆ ನಡೆದರೆ ಮರಿ, ನಿಂತರೆ ಮತ್ತೆ ಅದೇ ಹಂಡೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಂಥ ಮನೆಗೆ ಮುಂದಿನ್ವರ್ಷ ಒಂದು ದಿನ ರಟ್ಟಿನ ಡಬ್ಬಗಳನ್ನು ಹೊತ್ತು ತಂದ. ಪಕ್ಕದ ಕೋಣೆಯಲ್ಲಿ ಚಪ್ಪಲಿ ಇಡುವ ಮರದ ಸ್ಟ್ಯಾಂಡಿನಿಂದ ಚಪ್ಪಲಿಗಳನ್ನೆಲ್ಲ ಕೆಳಗೆ ಬೀಳಿಸಿ, ಅದರ ಮೇಲೆ ಗ್ರಾಫಿಕ್ಸ್ ಕಾರ್ಡುಗಳನ್ನು ಒತ್ತಾಗಿ ಜೋಡಿಸಿದ. ಕಂಪ್ಯೂಟರ್ ಆಟಗಳಲ್ಲಿ ಚಿತ್ರ ಓಡಿಸುವ ಕಾರ್ಡುಗಳು ಅವು. ಸ್ವಿಚ್ ಒತ್ತಿದ್ದೇ ತಡ, ಫ್ಯಾನುಗಳು ಗುಂಯ್ ಅಂದವು.

"ಏನೋ ಇದು?" ಎಂದಳು ಅಕ್ಕ.

"ಮೈನಿಂಗ್ ಅಕ್ಕ. ಗಣಿಗಾರಿಕೆ."

"ಮಣ್ಣೆಲ್ಲಿ?"

"ಅಯ್ಯೋ, ಮಣ್ಣಲ್ಲ. ಮಷಿನ್ ಲೆಕ್ಕ ಬಿಡಿಸುತ್ತೆ. ಪ್ರಪಂಚದಲ್ಲಿ ಎಲ್ರ ಮಷಿನ್ನೂ ಅದೇ ಲೆಕ್ಕ ಬಿಡಿಸ್ತಾ ಇರುತ್ತೆ. ಯಾರದು ಮೊದಲು ಬಿಡಿಸುತ್ತೋ ಅವ್ರಿಗೆ ಕಾಯಿನ್."

"ಯಾರ ಲೆಕ್ಕ ಅದು?"

"ಯಾರದೂ ಅಲ್ಲ."

"ಬಿಡಿಸಿದ್ಮೇಲೆ ಏನ್ಮಾಡ್ತಾರೆ?"

"ಇನ್ನೊಂದು ಬಿಡಿಸ್ತಾರೆ."

ಅಕ್ಕ ಅವನ ಮುಖವನ್ನೇ ನೋಡಿದಳು. "ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ" ಎಂದು ಹೇಳಿ ಮೊಟ್ಟೆ ತಿರುಗಿಸಲು ಹೋದಳು. ಅಮ್ಮ ಮಾತ್ರ ಬಾಗಿಲಲ್ಲಿ ನಿಂತು, ಮಿಣುಕುತ್ತಿದ್ದ ದೀಪಗಳನ್ನು ಕಣ್ತುಂಬ ನೋಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು. "ಏನೋ ಒಂದು ಮಾಡ್ತಾನಲ್ಲ ಬಿಡೇ, ಮನೇಲೇ ಇರ್ತಾನೆ" ಎಂದಳು. ಮನೆಯಲ್ಲೇ ಇರುವುದೇ ಅವನ ರೋಗ ಎಂದು ಆ ತಾಯಿಗೆ ಯಾರು ತಿಳಿಸಬೇಕು!

ತಕರಾರು ಶುರುವಾದದ್ದು ಕರೆಂಟಿನಿಂದ. ಹಳೆಯ ಮನೆ, ಬಡಕಲು ವೈರು. ಅವನ ಕಾರ್ಡುಗಳೂ ಅವಳ ಕಾಯಿಲ್ಲೂ ಒಟ್ಟಿಗೆ ನಡೆದರೆ ಫ್ಯೂಸ್ ಹಾರುತ್ತಿತ್ತು. ಹಾರಿದಾಗಲೆಲ್ಲ ಅಕ್ಕ ಓಡಿಬಂದು ಅವನ ಪ್ಲಗ್ ಕಿತ್ತಳು, ಅವನು ಕಿರುಚಿದ, ಅಮ್ಮ ನಡುವೆ ಬಂದು ಅತ್ತಳು. ಕೊನೆಗೆ ಉಪಾಯ ಹೊಳೆದದ್ದು ಅಕ್ಕನಿಗೇ. ಕಾರ್ಡುಗಳ ಹಿಂದೆ ನಿಂತರೆ ಒಲೆಯ ಮುಂದೆ ನಿಂತ ಹಾಗೆ ಝಳ ಹೊಡೆಯುತ್ತಿತ್ತು. ಆ ಝಳ ಸುಮ್ಮನೆ ಕಿಟಕಿಯಾಚೆ ಹೋಗುವುದೇಕೆ? ತಗಡಿನ ಕೊಳವೆಯೊಂದನ್ನು ಮಾಡಿಸಿ ಗೋಡೆಗೆ ತೂತು ಕೊರೆಸಿದಳು. ಅತ್ತಲಿನ ಕಿಟಕಿಯಿಂದ ಗಾಳಿ ಎಳೆದು ಕಾರ್ಡುಗಳ ಮೇಲೆ ಹಾಯಿಸಿ ಕೊಳವೆಗೆ ನೂಕಲು ದೊಡ್ಡ ಫ್ಯಾನ್ ಒಂದನ್ನು ಬೇರೆ ಸ್ವಿಚ್ಚಿಗೆ ಕೂರಿಸಿದಳು. ಕೊಳವೆ ಪೆಟ್ಟಿಗೆಗೆ ಸೇರುವಲ್ಲಿ ಒಂದು ತಗಡಿನ ಮುಚ್ಚಳ; ಬಿಸಿ ಹೆಚ್ಚಾದರೆ ಮುಚ್ಚು, ಕಡಿಮೆಯಾದರೆ ತೆರೆ. ಕಾಯಿಲ್ ಆರಿಸಿದಳು. ಮೊದಲ ಸಲದ ಮರಿಗಳು ಹತ್ತಿ ಉಂಡೆಗಳ ಹಾಗೆ ಹೊರಬಂದವು. ಕರೆಂಟಿನ ಬಿಲ್ಲು ಕೂಡ ಇಳಿಯಿತು.

"ನೋಡಿದ್ಯಾ, ನನ್ನಿಂದ ನಿನಗೆ ಲಾಭ" ಎಂದ ತಮ್ಮ, ಮೀಸೆ ತಿರುವಿ.

"ಹುಟ್ಟಿದ್ದಕ್ಕೆ ಮೊದಲ್ನೇ ಸಲ ಉಪಯೋಗಕ್ಕೆ ಬಂದೆ. ಕೇಳಿಲ್ಲಿ. ಮೊಟ್ಟೆ ಕಾವಿಗಿಟ್ರೆ ಇಪ್ಪತ್ತೊಂದು ದಿನ. ನಡುವೆ ನನಗೆ ಹೇಳದೆ ಮಷಿನ್ ಆರಿಸ್ಬೇಡ. ತಿಳೀತಾ?"

"ಆರಿಸೋದಾ? ಪ್ರಪಂಚ ನಿಂತ್ರೂ ಇದು ನಿಲ್ಲಲ್ಲ."

ಮಷಿನ್ ನಿಲ್ಲಲಿಲ್ಲ ನಿಜ, ಆದರೆ ಅವನ ಬುದ್ಧಿ ಒಂದು ಕಡೆ ನಿಂತರೆ ತಾನೇ? ಮೊದಲು ಎಲ್ಲರೂ ಹೇಳುವ ದೊಡ್ಡ ಕಾಯಿನ್ ತೆಗೆಯುತ್ತಿದ್ದ. ಅದರ ಲೆಕ್ಕ ಕಠಿಣವಾಗುತ್ತಿದ್ದಂತೆ "ಅದು ಮುದುಕರ ಕಾಯಿನ್" ಎಂದು ಅದರ ಎದುರಾಳಿಗೆ ಹಾರಿದ. ಅಲ್ಲಿಂದ, ಯಾರೋ ತಮಾಷೆಗೆ ಹುಟ್ಟಿಸಿದ್ದ ಮೀನಿನ ಚಿತ್ರದ ಕಾಯಿನ್ನಿಗೆ. ನಿನ್ನೆ ತಾನೇ ಹೊಗಳಿದ್ದನ್ನು ಇವತ್ತು ಕಳ್ಳರ ಸಂತೆ ಎನ್ನುವನು. ಮುಖ ಕಂಡಿರದ ಜನರ ಜೊತೆ ಮೊಬೈಲಿನ ಗುಂಪೊಂದರಲ್ಲಿ ಟೈಪು ಮಾಡಿ ಮಾಡಿ ಜಗಳವಾಡುವನು. ಮೀನಿನ ಕಾಯಿನ್ನಿಗೆ ಯಾರಾದರೂ ಒಂದು ಮಾತಂದರೆ ಹೆತ್ತ ತಾಯಿಯನ್ನು ಬೈದಷ್ಟು ಕೋಪ ಅವನಿಗೆ. ಹೆತ್ತ ತಾಯಿ ಪಕ್ಕದಲ್ಲಿ ಟೀ ಹಿಡಿದು ನಿಂತಿದ್ದರೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ.

"ಕೋಳಿಗಿರೋ ನಿಯತ್ತೂ ನಿನಗಿಲ್ವಲ್ಲೋ" ಎನ್ನುತ್ತಿದ್ದಳು ಅಕ್ಕ. "ಕಾವಿಗೆ ಕೂತ ಕೋಳಿ, ಪಕ್ಕದ ಬುಟ್ಟೀಲಿ ಮೊಟ್ಟೆ ದಪ್ಪ ಇದೆ ಅಂತ ಎದ್ದು ಹೋಗಲ್ಲ."

ತೆಗೆದ ಕಾಯಿನ್ನುಗಳನ್ನೆಲ್ಲ ಅವನು ಒಂದು ಎಕ್ಸ್‌ಚೇಂಜಿನಲ್ಲಿ ಇಟ್ಟಿದ್ದ. ಒಂದು ಕಾಯಿನ್ ಕೊಟ್ಟು ಇನ್ನೊಂದು ಕೊಳ್ಳುವ, ಮಾರುವ ವೆಬ್‌ಸೈಟು ಅದು. ಅದರ ಆಫೀಸು ಎಲ್ಲಿದೆ ಎಂದು ಅಕ್ಕ ಕೇಳಿದ್ದಕ್ಕೆ, "ಆಫೀಸೇ ಇಲ್ಲ ಅಕ್ಕ, ಅದೇ ಅದರ ಹೆಚ್ಚುಗಾರಿಕೆ" ಎಂದಿದ್ದ. ಆ ವರ್ಷದ ಚಳಿ ಶುರುವಾಗುವ ಹೊತ್ತಿಗೆ ಆ ಹೆಚ್ಚುಗಾರಿಕೆ ಕೆಮ್ಮತೊಡಗಿತು. ಮಾರಿದರೆ ದುಡ್ಡು ಬರದು, ಇಟ್ಟದ್ದನ್ನು ವಾಪಸ್ ಕೇಳಿದರೆ ಕಾಯಿನ್ ಬರದು. ‘ದುರಸ್ತಿ ನಡೆಯುತ್ತಿದೆ, ದಯವಿಟ್ಟು ಸಹಕರಿಸಿ’ ಎಂಬ ಒಂದು ಸಾಲು ಪರದೆಯ ಮೇಲೆ. ಮುಂದಿನ್ವರ್ಷ ಸಹಕರಿಸಿದ. ಬೇರೆ ಏನು ತಾನೇ ಮಾಡಬಲ್ಲ, ಪಾಪದ ಪ್ರಾಣಿ!

ಅದೇ ಹೊತ್ತಿಗೆ ಮರಿಯಕ್ಕನಿಗೆ ಬಾಳು ತಿರುಗುವ ಕೆಲಸ ಸಿಕ್ಕಿತು. ದೊಡ್ಡ ಕೋಳಿ ಫಾರಂ ನಡೆಸುವ ಹೆಂಗಸೊಬ್ಬಳು ತಳಿ ಮೊಟ್ಟೆಗಳನ್ನು ತಾನೇ ವ್ಯಾನಿನಲ್ಲಿ ತಂದು ಇಳಿಸಿದಳು. ಮಾತು ಕಡಿಮೆ, ಕಣ್ಣು ಚುರುಕು. ಪೆಟ್ಟಿಗೆಯೊಳಗೆ ಕೈಯಿಟ್ಟು ನೋಡಿದಳು, ಮೂಸಿದಳು.

"ಕೈ ಶುದ್ಧ ಇದೆ ನಿಂದು. ಈ ಸಲ ಮರಿ ಚೆನ್ನಾಗಿ ಬಂದ್ರೆ ತಿಂಗಳಾ ತಿಂಗಳಾ ನಿನಗೇ ಕೊಡ್ತೀನಿ. ಹಾಳಾದ್ರೆ ಮತ್ತೆ ಕೇಳ್ಬೇಡ. ಈ ತಳಿ ನಾನು ಮಕ್ಕಳ ಹಾಗೆ ಬೆಳೆಸ್ಕೊಂಡಿದ್ದು."

ಪೆಟ್ಟಿಗೆ ತುಂಬಿತು. ಈ ಒಂದು ಸಲ ದಾಟಿದರೆ ಜೀವನಪೂರ್ತಿ ಹಂಡೆಯ ಮುಖ ನೋಡಬೇಕಾಗಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಇಷ್ಟು ದೊಡ್ಡ ಕೆಲಸಕ್ಕೆ ಕಾಯಿಲ್ಲೇ ಹಾಕಿಬಿಡಲೇ ಎಂದೂ ಒಂದು ಗಳಿಗೆ ಯೋಚಿಸಿದಳು. ಬಿಲ್ಲು ನೆನಪಾಯಿತು. ತಮ್ಮನೊಂದಿಗಿನ ಜಗಳ ನೆನಪಾಯಿತು. ನಡೆಯುತ್ತಿರುವುದು ನಡೆಯಲಿ ಎಂದು ಸುಮ್ಮನಾದಳು. ವಾರ ಕಳೆದ ಮೇಲೆ ಕತ್ತಲಲ್ಲಿ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿದಳು: ಒಳಗೆ ಕೆಂಪು ನರಗಳ ಬಲೆ, ನಡುವೆ ಮಿಸುಕುವ ಚುಕ್ಕೆ. ಒಂದೊಂದೂ ಜೀವ ಹಿಡಿದಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

ಮರಿಗಳು ಮೊಟ್ಟೆಯೊಳಗೆ ಮೈ ತುಂಬಿಕೊಳ್ಳುತ್ತಿದ್ದ ಮೂರನೆಯ ವಾರದಲ್ಲಿ ಎಕ್ಸ್‌ಚೇಂಜು ಕಣ್ಣುಮುಚ್ಚಿತು. ದುರಸ್ತಿಯ ಸಾಲೂ ಮಾಯವಾಗಿ ಬಿಳಿ ಪರದೆ ಉಳಿಯಿತು. ಗುಂಪಿನಲ್ಲಿ ಹಾಹಾಕಾರ. ಅಲ್ಲೊಬ್ಬ ‘ಸೇನಾಪತಿ’ ಅಂತ ಹೆಸರಿಟ್ಟುಕೊಂಡವನಿದ್ದ. ಯಾವ ಊರಿನವನೋ, ಯಾವ ಕೋಣೆಯಲ್ಲಿ ಕೂತಿದ್ದನೋ. ಅವನು ಕರೆ ಕೊಟ್ಟ: ನಾಳೆ ಬೆಳಿಗ್ಗೆಯಿಂದ ಗಣಿಗಾರರ ಮುಷ್ಕರ. ಎಲ್ಲರೂ ಮಷಿನ್ ಆರಿಸಿ. ಕಾಯಿನ್ ಹುಟ್ಟುವುದೇ ನಿಂತರೆ ಎಕ್ಸ್‌ಚೇಂಜಿನ ಕಳ್ಳರು ತಾವಾಗಿ ಬಂದು ಕಾಲಿಗೆ ಬೀಳುತ್ತಾರೆ.

ಮರುದಿನ ಮರಿಯಕ್ಕ ಬೆಳಿಗ್ಗೆಯೇ ಫಾರಮ್ಮಿಗೆ ಹೊರಟಿದ್ದಳು. ಮರಿ ಸಾಗಿಸುವ ಬುಟ್ಟಿಗಳನ್ನು ಅಲ್ಲಿಂದಲೇ ತರಬೇಕಿತ್ತು. ಪೆಟ್ಟಿಗೆ ಮುಟ್ಟಿ ನೋಡಿ, ಮುಚ್ಚಳ ಸರಿಪಡಿಸಿ, ಅಮ್ಮನಿಗೆ "ಫ್ಯಾನಿನ ಸದ್ದು ನಿಂತ್ರೆ ಫೋನ್ ಮಾಡು" ಎಂದು ಹೇಳಿ ಹೋದಳು.

ಅವಳು ಬೀದಿ ತಿರುಗಿದ ಮೇಲೆ ಮುಂದಿನ್ವರ್ಷ ಎದ್ದ. ಕ್ರಾಂತಿಕಾರಿಯ ಗತ್ತಿನಲ್ಲಿ ಕಾರ್ಡುಗಳ ಪ್ಲಗ್ ಕಿತ್ತ. ಅದರ ಫೋಟೋ ತೆಗೆದು ಗುಂಪಿಗೆ ಹಾಕಿದ. ಹೊಗಳಿಕೆಗಳು ಬಂದವು. ಗೋಡೆಯಾಚೆ ಮೊಟ್ಟೆಗಳಿವೆ ಎನ್ನುವುದು ಅವನ ತಲೆಯೊಳಗೆ ಸುಳಿಯಲೇ ಇಲ್ಲ. ಕೆಟ್ಟ ಬುದ್ಧಿಯಿಂದ ಮಾಡಿದ್ದರೆ ಕನಿಷ್ಠ ಬೈಯಲಾದರೂ ಒಂದು ಬುದ್ಧಿ ಇತ್ತು ಅನ್ನಬಹುದಿತ್ತು. ಕಾರ್ಡು ಆರಿಸಿದವನು ದೊಡ್ಡ ಫ್ಯಾನ್ ಆರಿಸಲಿಲ್ಲ. ಅದು ಕಿಟಕಿಯಿಂದ ಚಳಿಗಾಳಿ ಎಳೆದು, ಕೊಳವೆಯೊಳಗೆ ತೂರಿ, ದಿನವಿಡೀ ಮೊಟ್ಟೆಗಳ ಮೇಲೆ ಊದಿತು. ಅಮ್ಮ ಆಗಾಗ ಕಿವಿಗೊಟ್ಟು ಕೇಳಿದಳು. ಫ್ಯಾನಿನ ಸದ್ದು ಇತ್ತು. ನೆಮ್ಮದಿಯಾಗಿ ಕೂತಳು.

ಸಂಜೆ ಬುಟ್ಟಿಗಳನ್ನು ಹೊತ್ತು ಬಂದ ಅಕ್ಕ ಪೆಟ್ಟಿಗೆಯ ಬಾಗಿಲಿಗೆ ಕೈಯಿಟ್ಟಳು. ತಣ್ಣಗಿತ್ತು. ಒಳಗಿನ ಮೊಟ್ಟೆಯೊಂದನ್ನು ತೆಗೆದು ಕೆನ್ನೆಗೆ ಒತ್ತಿಕೊಂಡಳು. ಮುಚ್ಚಳ ಬಡಿದು, ಕಾಯಿಲ್ ಹಾಕಿ, ಪಕ್ಕದ ಕೋಣೆಗೆ ನುಗ್ಗಿದಳು.

"ಆರಿಸಿದ್ದು ಯಾರೋ?"

"ಅಕ್ಕಾ, ಮುಷ್ಕರ..." ಎಂದವನ ಮುಖ ಆಗಲೇ ಸಪ್ಪಗಿತ್ತು. ಅವನ ಸಂಕಟ ಬೇರೆಯೇ. "ಮೋಸ ಆಗೋಯ್ತು ಅಕ್ಕ. ಸೇನಾಪತಿ ತನ್ನ ಮಷಿನ್ ಆರಿಸೇ ಇಲ್ವಂತೆ. ಆರಿಸಿದವ್ರ ಪಾಲಿನ ಕಾಯಿನ್ನೆಲ್ಲ ಆರಿಸದೆ ಇದ್ದವ್ರಿಗೆ ಹೋಗುತ್ತೆ. ಅದಕ್ಕೇ ಕರೆ ಕೊಟ್ಟಿದ್ದಾನೆ, ಕಳ್ಳ! ಈಗ್ಲೇ ಹಾಕ್ಬೇಕು" ಎಂದು ಪ್ಲಗ್ಗಿಗೆ ಕೈ ನೀಡಿದ.

ಎರಡೂ ನಡೆದರೆ ಫ್ಯೂಸ್ ಹಾರುತ್ತದೆ. ಅಕ್ಕ ಅವನ ಕೈ ಹಿಡಿದು ತಿರುಚಿದಳು. "ಮುಟ್ಟಿದ್ರೆ ಮುರಿದುಹಾಕ್ತೀನಿ. ನಿನ್ನ ಜನ್ಮಕ್ಕಿಷ್ಟು! ಒಂದು ಹೇಂಟೆ ಬೆಲೆ ಇಲ್ವಲ್ಲೋ ನಿನಗೆ."

"ಹೋಗ್ಲಿ ಬಿಡೇ, ಅವನಿಗೇನು ಗೊತ್ತು" ಎಂದಳು ಅಮ್ಮ ಬಾಗಿಲಿನಿಂದ. ಅಕ್ಕ ತಿರುಗಿ ನೋಡಿದ ನೋಟಕ್ಕೆ ಅಲ್ಲಿಂದ ಸರಿದು ಹೋದಳು.

ಮತ್ತೆ ಬಿಸಿಯೇರಿದ ಮೇಲೆ ಒಂದೊಂದನ್ನೇ ದೀಪಕ್ಕೆ ಹಿಡಿದಳು. ಒಳಗೆ ಕಪ್ಪು ಗಡ್ಡೆ, ಅಲುಗಾಟವಿಲ್ಲ. ಆದರೂ ಎಸೆಯಲು ಮನಸ್ಸು ಬಾರದೆ, ದಿನ ತುಂಬುವವರೆಗೂ ಕಾವು ಕೊಟ್ಟಳು. ಮೂಲೆಯ ತಟ್ಟೆಯಲ್ಲಿ ಗಾಳಿ ತಗುಲದೆ ಉಳಿದ ಕೆಲವು ಮಾತ್ರ ಒಡೆದು, ಕಾಲು ಸೊಟ್ಟಗಾದ ಮರಿಗಳು ಹೊರಬಂದು ಬಿದ್ದುಕೊಂಡವು.

ಫಾರಂ ಹೆಂಗಸು ಬಂದಳು. ತಟ್ಟೆಗಳನ್ನು ಎಳೆದೆಳೆದು ನೋಡಿದಳು. ಅಕ್ಕ ಏನನ್ನೂ ಮುಚ್ಚಿಡದೆ ಹೇಳಿದಳು. ತಮ್ಮನನ್ನು ಬೈಯುತ್ತ, ಅವನು ಚಿಕ್ಕಂದಿನಿಂದ ಕೈಗೊಂಡ ಒಂದನ್ನೂ ಮುಗಿಸಿದವನಲ್ಲ, ಎಲ್ಲ ಅರ್ಧಕ್ಕೆ ಕೈಬಿಡುವ ದಂಡಪಿಂಡ ಎಂದು ಎಳೆಎಳೆಯಾಗಿ ಬಿಡಿಸಿ ಹೇಳಿದಳು. ಫಾರಂ ಹೆಂಗಸು ಪೂರ್ತಿ ಕೇಳಿಸಿಕೊಂಡಳು.

"ಇದೆಲ್ಲ ನಿನಗೆ ಮೊದಲೇ ಗೊತ್ತಿತ್ತಾ?"

"ಹುಟ್ಟಿದಾಗಿನಿಂದ ಗೊತ್ತು."

"ಗೊತ್ತಿದ್ದೂ ನನ್ನ ಮೊಟ್ಟೆ ಅವನ ಕಾವಿಗಿಟ್ಟೆ" ಎಂದಳು ಆ ಹೆಂಗಸು. ದನಿ ಏರಿಸಲಿಲ್ಲ. "ಅವನು ಪೆದ್ದ. ನಿನಗೇನು ಬಂದಿತ್ತು?"

ವ್ಯಾನು ಹೋಯಿತು. ಅಕ್ಕ ಎಳೆದಿಟ್ಟ ತಟ್ಟೆಗಳನ್ನು ಒಂದೊಂದಾಗಿ ಒಳಗೆ ತಳ್ಳಿದಳು. ಆಫೀಸಿಲ್ಲದ ಕಡೆ ಕಾಯಿನ್ ಇಟ್ಟವನನ್ನು ನೋಡಿ ವರ್ಷವೆಲ್ಲ ನಕ್ಕಿದ್ದಳು.

ಹಾಳಾದ ಮೊಟ್ಟೆಗಳ ಬೆಲೆ ಕಟ್ಟಿಕೊಡಲು ಪೆಟ್ಟಿಗೆಯನ್ನೇ ಮಾರಬೇಕಾಯಿತು. ಶೆಡ್ಡಿನಲ್ಲಿ ಹಂಡೆ ಇದ್ದಲ್ಲೇ ಇತ್ತು. ಮೇಸ್ತ್ರಿ ಏನೂ ಕೇಳದೆ ಅವಳ ಹಳೆಯ ಜಾಗ ತೋರಿಸಿದ. ಊಟದ ಬಿಡುವಿನಲ್ಲಿ ಜೊತೆಯ ಹೆಂಗಸರು ಸುತ್ತುವರಿದರು. "ಅಷ್ಟು ಚೆನ್ನಾಗಿ ನಡೀತಿತ್ತಲ್ಲೇ, ಏನಾಯ್ತು?" ಎಂದು ಕೇಳಿದರು. ತಮ್ಮನ ಹೆಸರು ನಾಲಿಗೆಯ ತುದಿಯವರೆಗೂ ಬಂತು. ಅವನನ್ನು ಹೇಳಿದರೆ ಮುಂದಿನ ಪ್ರಶ್ನೆ ಯಾವುದೆಂದು ಅವಳಿಗೆ ಗೊತ್ತಿತ್ತು.

"ಕರೆಂಟ್ ಹೋಗಿತ್ತು" ಎಂದಳು.

"ಅಯ್ಯೋ ಪಾಪ! ಅದಕ್ಕೆ ನೀನಾದ್ರೂ ಏನ್ಮಾಡ್ತೀಯಾ" ಎಂದರು ಅವರು. ಒಬ್ಬಾಕೆ ಬೆನ್ನು ಸವರಿದಳು. ಯಾರ ಅಯ್ಯೋ ಪಾಪವನ್ನೂ ಹತ್ತಿರ ಬಿಟ್ಟುಕೊಳ್ಳದ ಮರಿಯಕ್ಕ, ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತು ಸವರಿಸಿಕೊಂಡಳು.