ದೂರು ಕೊಡಿ, ದೂರ ಹಾರಿ

ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಬೆರಳಾಡಿಸಿ, ಒತ್ತುತ್ತದೆಯೇ ಎಂದು ಕೇಳಿ, ಒತ್ತಿದರೆ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸುವುದು ಅವನ ದಿನಚರಿ. ಇಂಥವನು ಆಗಾಗ ವಿಮಾನದ ಮುಂದಿನ ಸಾಲಿನ ಮೆತ್ತನೆಯ ಸೀಟಿನಲ್ಲಿ ಕಾಲು ಚಾಚಿ ಕೂತ ಫೋಟೋ ಹಾಕುತ್ತಿದ್ದದ್ದು ನೆಂಟರಿಷ್ಟರಿಗೆಲ್ಲ ಸೋಜಿಗ. ಅಕ್ಕನ ಗಂಡ, ಅಂದರೆ ಅವನ ಭಾವ, ಅವನಿಗೆ ‘ಪುಕ್ಕಟೆ ಪೈಲಟ್’ ಎಂದು ಅಡ್ಡಹೆಸರಿಟ್ಟರು. ಗೇಲಿಗೆ ಇಟ್ಟ ಹೆಸರು ಅವನಿಗೆ ಎಷ್ಟು ಹಿಡಿಸಿತೆಂದರೆ, ತನ್ನ ಪ್ರವಾಸದ ಬ್ಲಾಗಿಗೂ ಅದನ್ನೇ ಇಟ್ಟುಕೊಂಡ.

ಮತ್ತೆ ಮತ್ತೆ ಬರುವ ಪ್ರಯಾಣಿಕರಿಗೆ ವಿಮಾನ ಕಂಪನಿ ಪಾಯಿಂಟು ಕೊಡುತ್ತದೆ, ಪಾಯಿಂಟು ಕೂಡಿದರೆ ಟಿಕೆಟು ಸಿಗುತ್ತದೆ, ಇಷ್ಟು ಎಲ್ಲರಿಗೂ ಗೊತ್ತು. ಅವನಿಗೆ ಗೊತ್ತಿದ್ದದ್ದು ಆ ಬೇಲಿಯಲ್ಲಿ ಎಲ್ಲೆಲ್ಲಿ ಕಂಡಿ ಇದೆ ಎಂಬುದು. ರಜೆಯ ದಿನ ಅಗ್ಗದ ಟಿಕೆಟಿನಲ್ಲಿ ಯಾವುದೋ ಊರಿಗೆ ಹಾರಿ, ನಿಲ್ದಾಣದ ಬಾಗಿಲು ದಾಟದೆ ಮುಂದಿನ ವಿಮಾನಕ್ಕೇ ಹಿಂದಿರುಗುತ್ತಿದ್ದ. ಪಾಯಿಂಟಿಗೆ ಪಾಯಿಂಟೂ ಆಯಿತು, ಬ್ಲಾಗಿಗೆ ಸರಕೂ ಆಯಿತು. ನಿಲ್ದಾಣದ ಗಾಜಿನಾಚೆ ಕಂಡಷ್ಟೇ ಊರನ್ನು, ಬೀದಿ ಬೀದಿ ಸುತ್ತಿ ಬಂದವನಂತೆ ಬರೆಯುವುದು ಅವನಿಗೆ ರೂಢಿಯಾಗಿಹೋಗಿತ್ತು. ಯಾರಾದರೂ ಇದು ಸರಿಯೇ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು: “ಕಂಪನಿ ಆನೆ ಇದ್ದಂಗೆ. ಆನೆ ಮೇವಲ್ಲಿ ಇರುವೆ ಒಂದೆಸಳು ಎಳ್ಕೊಂಡ್ರೆ ಏನಾಗುತ್ತೆ?”

ಅವನ ಬರಹಗಳಲ್ಲೆಲ್ಲ ಹೆಚ್ಚು ಓಡಿದ್ದು ‘ದೂರು ಕೊಡಿ, ದೂರ ಹಾರಿ’ ಎಂಬುದು. ದೂರು ಕೊಟ್ಟ ಪ್ರಯಾಣಿಕನನ್ನು ಸಮಾಧಾನ ಮಾಡಲು ಕಂಪನಿ ಪಾಯಿಂಟು ಕೊಡುತ್ತದೆ ಎಂದು ಅವನು ಕಂಡುಕೊಂಡಿದ್ದ. ಬೆಳಗಿನ ಚಿಕ್ಕ ಪ್ರಯಾಣವನ್ನು ಆರಿಸಿಕೊಳ್ಳಿ, ಆಗ ಸಿಬ್ಬಂದಿಗೆ ಉಸಿರಾಡಲೂ ಪುರುಸೊತ್ತಿಲ್ಲ, ನಿಮ್ಮ ದೂರನ್ನು ಯಾರೂ ಅನುಮಾನಿಸುವುದಿಲ್ಲ ಎಂದು ಬರೆದ. ಎದೆಯ ಮೇಲಿನ ಪಟ್ಟಿ ನೋಡಿ ಹೆಸರು ಹಾಕಿ, ಹೆಸರಿದ್ದರೆ ಪಾಯಿಂಟು ಹೆಚ್ಚು ಎಂದೂ ಬರೆದ. ಬರೆಯಲು ಬಾರದವರಿಗೆ ವಾಕ್ಯವನ್ನೂ ತಾನೇ ಹೊಸೆದುಕೊಟ್ಟ: ‘ನೀರು ಕೇಳಿದ್ದಕ್ಕೆ ಮುಖ ಸಿಂಡರಿಸಿ, ನನ್ನನ್ನು ಕಾಣದವರಂತೆ ಮುಂದೆ ಹೋದರು.’ ಅದನ್ನು ಬರೆದ ದಿನ ತನ್ನ ಜಾಣತನಕ್ಕೆ ತಾನೇ ನಕ್ಕಿದ್ದ.

ಅಮ್ಮ ಅವನ ಜೊತೆಗೇ ಇದ್ದರು. ಮಗಳ ಮನೆ ದೂರದ ಊರಿನಲ್ಲಿ, ಬಸ್ಸಿನಲ್ಲಿ ಕೂತರೆ ಕಾಲು ಊದಿಕೊಳ್ಳುತ್ತಿತ್ತು. ಕೂಡಿಟ್ಟ ಪಾಯಿಂಟಿನಲ್ಲಿ ಅವನು ಅಮ್ಮನಿಗೂ ಮುಂದಿನ ಸಾಲಿನ ಸೀಟು ಹಿಡಿದ. ಅಮ್ಮ ವಿಮಾನ ಹತ್ತುತ್ತಿದ್ದದ್ದು ಅದೇ ಮೊದಲು. ಬೆಲ್ಟು ಕಟ್ಟಿಕೊಂಡವರೇ ಕಣ್ಣು ಮುಚ್ಚಿ, ಸೀಟಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಆ ಭಾಗಕ್ಕಿದ್ದ ಗಗನಸಖಿ ಅದನ್ನು ನೋಡಿದಳು. ವಿಮಾನ ಮೇಲಕ್ಕೇರಿ ನೆಟ್ಟಗಾದದ್ದೇ ಬಂದು, ಅಮ್ಮನ ಪಕ್ಕ ಮಂಡಿಯೂರಿ ಕೂತಳು.

“ಭಯ ಆಗ್ತಿದೆಯಾ ಅಮ್ಮ? ಕಾಲು ತಣ್ಣಗಿದೆ ನೋಡಿ,” ಎಂದು, ಹೊಸ ಕಾಲುಚೀಲದ ಪೊಟ್ಟಣ ತಂದು, ಊದಿದ ಕಾಲಿಗೆ ಮೆಲ್ಲಗೆ ತಾನೇ ತೊಡಿಸಿದಳು.

“ಅಯ್ಯೋ, ನನ್ನ ಕಾಲು ಮುಟ್ಟಬೇಡ ಕಣಮ್ಮ,” ಎಂದು ಅಮ್ಮ ಮುದುಡಿಕೊಂಡರು.

“ಪರವಾಗಿಲ್ಲ ಅಮ್ಮ. ಇನ್ನು ಎರಡು ದಿನ ತಾನೆ, ಆಮೇಲೆ ನೀವು ಬಂದ್ರೂ ನಾನಿರಲ್ಲ.”

“ಯಾಕೆ, ಮದುವೆನಾ?”

ಅವಳು ನಕ್ಕಳು. “ಮದುವೆ ಆಗಿ ಮಗಳೂ ಇದ್ದಾಳೆ. ನನ್ನ ಮೇಲೆ ತುಂಬಾ ದೂರು ಬಂತು. ಒಂದಾದ ಮೇಲೊಂದು. ಅದಕ್ಕೆ ಕೆಳಗೆ, ನೀವು ಹತ್ತಿದ ನಿಲ್ದಾಣದಲ್ಲೇ ಲಗೇಜಿನ ಕೌಂಟರಿಗೆ ಹಾಕಿದ್ದಾರೆ.”

“ನಿನ್ನ ಮೇಲೆ ದೂರಾ? ಏನಂತ?”

ಅವಳು ಅದನ್ನು ಪಾಠ ಒಪ್ಪಿಸುವಂತೆ ಹೇಳಿದಳು. “ನೀರು ಕೇಳಿದ್ದಕ್ಕೆ ಮುಖ ಸಿಂಡರಿಸಿ, ಕಾಣದವರಂತೆ ಮುಂದೆ ಹೋದರು ಅಂತ. ಎಲ್ಲರೂ ಅದನ್ನೇ ಬರೆದಿದ್ದಾರೆ. ಇಷ್ಟು ಜನ ಒಂದೇ ಮಾತು ಹೇಳಬೇಕಾದ್ರೆ ನಿಜಾನೇ ಇರಬೇಕು ಅಂದ್ರು ನಮ್ಮ ಮೇಲಿನವರು.”

ಅವನ ಕೈಯಲ್ಲಿದ್ದ ಹಣ್ಣಿನ ರಸದ ಲೋಟ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯತ್ತ ಕಣ್ಣು ಹೋಯಿತು. ತಾನೂ ಒಂದು ದೂರು ಬರೆದಿದ್ದ. ಯಾರ ಹೆಸರು ಹಾಕಿದ್ದೆ ಎಂಬುದು ಮಾತ್ರ ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ.

ಅಮ್ಮನಿಗೆ ಆಗಲೇ ಭಯವೆಲ್ಲ ಬಿಟ್ಟುಹೋಗಿತ್ತು. “ನೀನೇನೂ ಯೋಚನೆ ಮಾಡಬೇಡ. ಇವನು ನನ್ನ ಮಗ. ವಿಮಾನದ ವಿಷಯ ಬರೀತಾನೆ, ಸಾವಿರಾರು ಜನ ಓದ್ತಾರೆ. ನಿನ್ನ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದ್ರೆ ಎಲ್ಲಾ ಸರಿಹೋಗುತ್ತೆ. ಅಲ್ವೇನೋ?”

“ಹೌದಾ ಸರ್?” ಅವಳು ಅವನ ಕಡೆ ತಿರುಗಿದಳು. “ಬರೀತೀರಾ?”

“ಬರೀತೀನಿ,” ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಇಲ್ಲಿ ಎತ್ತಿಗೆ ಜ್ವರವೂ ಇರಲಿಲ್ಲ, ಬರೆಗೆ ಕಬ್ಬಿಣ ಕಾಯಿಸಿಕೊಟ್ಟವನು ಎಮ್ಮೆಯ ಕೈಯಿಂದಲೇ ಉಪಚಾರ ಮಾಡಿಸಿಕೊಂಡು ಕೂತಿದ್ದ.

ಅಕ್ಕನ ಮನೆ ಸೇರಿದ ಮೇಲೆ ಅಮ್ಮನ ಬಾಯಲ್ಲಿ ಅವಳದೇ ಮಾತು. ಕಾಲುಚೀಲವನ್ನು ಬಿಚ್ಚದೆ ಎಲ್ಲರಿಗೂ ತೋರಿಸಿದರು. ಅವನು ಬಚ್ಚಲಿಗೆ ಹೋಗಿ ಅಗುಳಿ ಹಾಕಿ, ನಲ್ಲಿ ತಿರುಗಿಸಿಬಿಟ್ಟು, ಫೋನಿನಲ್ಲಿ ತನ್ನ ಹಳೆಯ ದೂರನ್ನು ಹುಡುಕಿದ. ಅದರಲ್ಲಿದ್ದದ್ದು ಬೇರೆ ಯಾರದೋ ಹೆಸರು. ಅಬ್ಬಾ ಎಂದು ಉಸಿರುಬಿಟ್ಟ. ಆ ಹೆಸರನ್ನು ಮತ್ತೊಮ್ಮೆ ಓದಿದ. ಹಾಗಾದರೆ ಆ ಬೇರೆಯವಳು ಈಗ ಎಲ್ಲಿದ್ದಾಳೆ?

ಅಲ್ಲೇ ನಿಂತು ಬ್ಲಾಗಿನಿಂದ ‘ದೂರು ಕೊಡಿ, ದೂರ ಹಾರಿ’ ಬರಹವನ್ನು ಅಳಿಸಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಅಲ್ಲಿಗೆ ಮುಗಿಯಿತು ಎಂದುಕೊಂಡ. ಮುಗಿಯಲಿಲ್ಲ. ಅವನ ಓದುಗರು ಅದನ್ನು ಎಂದೋ ನಕಲು ಮಾಡಿಟ್ಟುಕೊಂಡಿದ್ದರು. ಬೇರೆಯವರ ಬ್ಲಾಗುಗಳಲ್ಲಿ ಅವನ ವಾಕ್ಯ ಅಕ್ಷರವೂ ಆಚೀಚೆಯಾಗದೆ ಓಡಾಡುತ್ತಿತ್ತು. ‘ಗುರುಗಳೇ, ನಿಮ್ಮ ಮಂತ್ರ ಫಲಿಸಿತು’ ಎಂದು ಒಬ್ಬ ಕೃತಜ್ಞತೆಯಿಂದ ಬರೆದಿದ್ದ.

ಊರಿಗೆ ಮರಳಿದ ಮೇಲೆ, ಅಂಗಡಿಯಲ್ಲಿ ಗಿರಾಕಿಯ ಮುಖ ನೋಡಿ ಫ್ರೇಮು ಸರಿಮಾಡುವುದೂ ಅವನಿಗೆ ಕಷ್ಟವಾಯಿತು. ಕೊನೆಗೆ ಬ್ಲಾಗಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದ: ಆ ವಾಕ್ಯ ತನ್ನದು, ಸುಳ್ಳು, ಅದನ್ನು ಬಳಸಿದ ದೂರುಗಳನ್ನು ನಂಬಬಾರದು. ಅದನ್ನೇ ಕಂಪನಿಗೂ ತಿಳಿಸಿದ. ಓದುಗರು ಉಗಿದರು. ಕಂಪನಿ ಅವನ ಖಾತೆ ಮುಚ್ಚಿ, ಪಾಯಿಂಟುಗಳನ್ನೆಲ್ಲ ಕಿತ್ತುಕೊಂಡಿತು. ಅದರಿಂದ ಅವನಿಗೆ ನೋವಾಗಲಿಲ್ಲ. ದಂಡ ತೆತ್ತಂತೆ ಅನ್ನಿಸಿ, ತುಸು ಹಗುರವೇ ಆಯಿತು. ಆ ಹಗುರದಲ್ಲೇ ಅವಳನ್ನು ನೋಡಲು ನಿಲ್ದಾಣಕ್ಕೆ ಹೋದ.

ಅವಳು ಕೌಂಟರಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಬಿಡುವು ಸಿಕ್ಕಾಗ ಹೊರಗೆ ಬಂದು, ಅವನನ್ನು ಗುರುತು ಹಿಡಿದು, “ಅಮ್ಮ ಹೇಗಿದ್ದಾರೆ ಸರ್?” ಎಂದಳು.

“ಚೆನ್ನಾಗಿದ್ದಾರೆ. ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು. ಆ ವಾಕ್ಯ ನಂದು. ನಾನೇ ಬರೆದು, ಜನಕ್ಕೆ ಹೇಳಿಕೊಟ್ಟೆ.”

ಅವಳು ಬೆರಳಿಗಂಟಿದ್ದ ಚೀಟಿಯ ಚೂರನ್ನು ಕೆರೆದು ತೆಗೆದಳು.

“ಗೊತ್ತಾಯ್ತು. ಆಫೀಸಲ್ಲಿ ಹೇಳಿದ್ರು. ಹೆಸರು ಹೇಳಲಿಲ್ಲ, ಯಾರೋ ಬರೆಯೋನು ಅಂದ್ರು. ನೀವಾ?”

“ನಾನೇ.”

“ಅವತ್ತು ಬರೀತೀನಿ ಅಂದ್ರಲ್ಲ ಸರ್.”

ಅವನು ತಲೆ ತಗ್ಗಿಸಿದ. “ಮತ್ತೆ ಮೇಲೆ ಕಳಿಸ್ತಾರಂತಾ?”

“ಬಾ ಅಂದ್ರು. ನಂಗೇ ಬೇಡ ಅನ್ನಿಸ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. “ಅಷ್ಟು ಜನ ಹೇಳಿದಾಗ ನಾನೂ ನಂಬಿಬಿಟ್ಟೆ. ನಂಗೇ ಗೊತ್ತಾಗದಂಗೆ ಮುಖ ಸಿಂಡರಿಸ್ತೀನೇನೋ ಅಂತ ಕನ್ನಡಿ ಮುಂದೆ ನಿಂತು ನಗೋದು ಕಲಿತೆ. ನನ್ನ ಮಗಳನ್ನೂ ಕೇಳ್ದೆ, ಅಮ್ಮನ ಮುಖ ಸಿಡುಕಾಗಿರುತ್ತೇನೇ ಅಂತ. ಈಗ ಸುಳ್ಳು ಅಂತ ಗೊತ್ತಾದ್ರೂ, ಯಾರಾದ್ರೂ ನೀರು ಕೇಳಿದ್ರೆ ಮೊದಲು ನನ್ನ ಮುಖಾನೇ ಮುಟ್ಟಿ ನೋಡ್ಕೋತೀನಿ. ಈ ಕೌಂಟರಲ್ಲಾದ್ರೆ ಜನ ಅವರವರ ಪೆಟ್ಟಿಗೆ ನೋಡ್ತಿರ್ತಾರೆ, ನನ್ನನ್ನ ನೋಡಲ್ಲ.”

ಕ್ಷಮಿಸಿ ಎಂಬ ಮಾತನ್ನು ಅವನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ. ಹೇಳಿದ. ಅವಳು “ಸರಿ ಸರ್” ಎಂದಳು, ಲಗೇಜು ಸರಿಯಾಗಿದೆ ಎನ್ನುವಾಗ ಹೇಳುವಂತೆ. ಹಿಂದಿರುಗಿ ಹೋಗುವಾಗ ಒಮ್ಮೆ ನಿಂತು, “ಅಮ್ಮನಿಗೆ ಹೇಳಬೇಡಿ, ನೊಂದ್ಕೋತಾರೆ,” ಎಂದಳು.

ಆದರೆ ಅವನು ಹೇಳಿದ. ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡು ಅಮ್ಮ ಕೊನೆಯವರೆಗೂ ಕೇಳಿದರು. ಬಯ್ಯಲಿಲ್ಲ. “ನಿನ್ನ ಬಗ್ಗೆ ಹೆಮ್ಮೆಯಿಂದ ಅವಳ ಮುಂದೆ ಕೊಚ್ಕೊಂಡೆನಲ್ಲೋ,” ಎಂದಷ್ಟೇ ಹೇಳಿ, ಎದ್ದು ಒಳಗೆ ಹೋದರು.

ಮುಂದಿನ ರಜೆಗೆ ಅಕ್ಕ, ಭಾವ ಬಂದರು. ಊಟಕ್ಕೆ ಕೂತಾಗ, ಬ್ಲಾಗು ಓದದೆ ಫೋಟೋ ಮಾತ್ರ ನೋಡುತ್ತಿದ್ದ ಭಾವ ಎಂದಿನಂತೆ ಕಾಲೆಳೆದರು. “ಏನಪ್ಪಾ ಪೈಲಟ್, ಫೋಟೋನೇ ಇಲ್ಲ? ವಿಮಾನ ಶೆಡ್ಡಿಗೆ ಸೇರ್ತಾ?”

ಅವನು ತುತ್ತು ಕೈಯಲ್ಲಿ ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ ಹೇಳಿಬಿಟ್ಟರು. “ಮೇಲೆ ಹೋದ್ರೆ ಅವನಿಗೆ ಕಿವಿ ನೋವು ಬರುತ್ತೆ. ಡಾಕ್ಟ್ರು ಬೇಡ ಅಂದಿದ್ದಾರೆ.”

ಬಂದವರಿಗೆ ಹಾಲಿಗೆ ನೀರು ಬೆರೆಸಿ ಕಾಫಿ ಕೊಟ್ಟರೂ, “ನೀರು ಜಾಸ್ತಿ ಹಾಕಿದ್ದೀನಿ” ಎಂದು ಹೇಳಿಯೇ ಕೊಡುವವರು ಅಮ್ಮ. ಆ ಬಾಯಲ್ಲಿ ಸುಳ್ಳು ಬಂದದ್ದನ್ನು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಭಾವ ಪಾಪ ಎಂದರು. ಅಕ್ಕ ಯಾವುದೋ ಒಳ್ಳೆಯ ಕಿವಿ ಡಾಕ್ಟರ ವಿಷಯ ತೆಗೆದಳು. ಅಮ್ಮ ಅವನ ಮುಖ ನೋಡದೆ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು. ಬೇಡ ಎನ್ನಲು ಅವನಿಗೆ ಮುಖವಿರಲಿಲ್ಲ.