ಹೊಂಬಾಳಮ್ಮನ ತಟ್ಟೆಯ ಅಗುಳು

ಶೆಟ್ಟಿಕೆರೆ ಕಡೆಯ ಗೊಲ್ಲರಹಟ್ಟಿಯ ಕ್ಯಾತಪ್ಪನಿಗೆ ಹೆಂಡತಿ ಸತ್ತಾಗ ಅಳು ಬರಲಿಲ್ಲ. ತುಮಕೂರಿನ ಆಸ್ಪತ್ರೆಯಿಂದ ಹೊಂಬಾಳಮ್ಮನನ್ನು ಜೀಪಿನಲ್ಲಿ ತಂದು ಇಳಿಸಿದಾಗ ಅವನು ಮಾಡಿದ ಮೊದಲ ಕೆಲಸ, ಅಡ್ಡ ಬಂದಿದ್ದ ಕುರಿಗಳನ್ನು ಆಚೆಗೆ ಅಟ್ಟಿದ್ದು. ಮಣ್ಣು ಮಾಡಿ ಬಂದವನು ಕೈಕಾಲು ತೊಳೆದು ಕುರಿ ಕೂಡುವ ರೊಪ್ಪದ ಮುಳ್ಳುಬೇಲಿ ಸರಿಮಾಡುತ್ತ ನಿಂತ. ಹಟ್ಟಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು, ಇವನೇನು ಮನುಷ್ಯನೋ ಕಲ್ಲೋ ಅಂದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅವನು ಕಲ್ಲೇನೂ ಆಗಿರಲಿಲ್ಲ. ಬಹಳ ಹೊತ್ತು ಮಡಿಸಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಗೊತ್ತಾಗುವುದಿಲ್ಲ, ಅವನ ಒಳಗೆಲ್ಲ ಹಾಗಾಗಿತ್ತು.

ಆಮೇಲೆ ಕುರಿಗಳನ್ನೂ ಹುಳಿಯಾರು ಸಂತೆಗೆ ಹೊಡೆದು ಮಾರಿಬಿಟ್ಟ. ಹುಟ್ಟಿದಾಗಿನಿಂದ ಕುರಿಯ ಹಿಂದೆಯೇ ನಡೆದವನು ಈಗ ಸದಾಶಿವಯ್ಯನವರ ತೋಟದಲ್ಲಿ ಕಾಯಿ ಸುಲಿಯುವುದಕ್ಕೂ ಅಟ್ಟದ ಮೇಲಿನ ಕೊಬ್ಬರಿ ನೋಡಿಕೊಳ್ಳುವುದಕ್ಕೂ ಹೋಗುತ್ತಿದ್ದ. ಹೇಳಿದ್ದನ್ನು ಮಾಡುತ್ತಿದ್ದ, ಕೊಟ್ಟಿದ್ದನ್ನು ತಿನ್ನುತ್ತಿದ್ದ. ಮಗಳು ಕೋಮಲಾ ಹೊಲಿಗೆ ಮಿಷನ್ನಿನ ಮುಂದೆ ಕೂತು ಏನೇ ಕೇಳಿದರೂ 'ಹೂಂ' ಅಥವಾ 'ಊಹೂಂ'. ಒಂದೇ ಒಂದು ವಿಷಯದಲ್ಲಿ ಮಾತ್ರ ಹಟ. ರಾತ್ರಿ ಊಟಕ್ಕೆ ಮೂರು ತಟ್ಟೆ ಹಾಕಬೇಕು.

ಅದಕ್ಕೆ ಕಾರಣ ಗೋಡೆಯ ಮೇಲಿತ್ತು. ಕ್ಯಾಲೆಂಡರಿನ ಹಿಂದೆ ಒಂದು ಹಲ್ಲಿ. ಹೊಂಬಾಳಮ್ಮ ಮುದ್ದೆ ಮುಗಿಸಿ ಅನ್ನಕ್ಕೆ ಕೈ ಹಾಕುವ ಮೊದಲು ನಾಲ್ಕು ಅಗುಳನ್ನು ಗೋಡೆಯ ಗೂಡಿನ ಅಂಚಿಗೆ ಇಡುತ್ತಿದ್ದಳು. ಅದು ಇಳಿದು ಬಂದು, ಅತ್ತ ಇತ್ತ ನೋಡಿ, ಗಬಕ್ಕನೆ ತಿನ್ನುತ್ತಿತ್ತು. ಮಾತಿನ ನಡುವೆ ಅದು ಲೊಚಗುಟ್ಟಿದರೆ ಸಾಕು, ಆಡಿದ ಮಾತು ಸತ್ಯವೆಂದು ಅವಳು ಬೆರಳಿನ ಗೆಣ್ಣಿನಿಂದ ನೆಲ ಕುಟ್ಟಿ 'ಕೃಷ್ಣ ಕೃಷ್ಣ' ಅನ್ನುತ್ತಿದ್ದಳು. ಹಲ್ಲಿಗೆ ಅಗುಳು ಅವಳ ತಟ್ಟೆಯಿಂದಲೇ ಹೋಗಬೇಕು ಅನ್ನುವುದು ಕ್ಯಾತಪ್ಪನ ಲೆಕ್ಕ. ಹಾಗಾಗಿ ಅವಳ ತಟ್ಟೆ ಇರಲೇಬೇಕು, ಅದರಿಂದ ಅಗುಳು ತೆಗೆದಿಡುವವನು ಈಗ ಅವನು. ತಟ್ಟೆ ಇದ್ದ ಮೇಲೆ ಅವಳು ಪೂರ್ತಿ ಹೋದ ಹಾಗಾಗಲಿಲ್ಲ. ಇಷ್ಟನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ; ಕೋಮಲಾ ಕೇಳಲೂ ಇಲ್ಲ, ಮೂರು ತಟ್ಟೆ ಹಾಕುತ್ತ ಬಂದಳು.

ಅಂಥ ಹಲ್ಲಿ ಒಂದು ಸಲ ದನಿ ನಿಲ್ಲಿಸಿತು. ಅಗುಳು ಇಟ್ಟಲ್ಲೇ ಒಣಗಿದವು. ಬಾಲ ಬತ್ತಿ ದಾರದಂತಾಯಿತು. ಕ್ಯಾತಪ್ಪ ಬುಡ್ಡಿ ಹಿಡಿದು ನೋಡಿದ. ಕಾಲ್ಬೆರಳುಗಳ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿಗಳು ಒತ್ತೊತ್ತಾಗಿ ಕೂತಿದ್ದವು. ಕುರಿ ಕಾಯ್ದವನಿಗೆ ಇದನ್ನು ಹೇಳಿಕೊಡಬೇಕೆ?

"ಉಣ್ಣೆಹುಳ ಕಣವ್ವ," ಅಂದ ಮಗಳಿಗೆ. "ಉಣ್ಣೆ ಕಚ್ಕಂಡವೆ ಇದಕ್ಕೆ."

ತಿಂಗಳುಗಳ ಮೇಲೆ ಅಪ್ಪನ ಬಾಯಿಂದ ಬಂದ ಉದ್ದನೆಯ ಮಾತು ಅದು. ಕೋಮಲಾ ಸೂಜಿಗೆ ದಾರ ಪೋಣಿಸುವುದನ್ನು ಮರೆತು ನೋಡಿದಳು.

ಬೆಳಗ್ಗೆ ಹಾರ್ಲಿಕ್ಸ್ ಬಾಟಲಿಯ ಮುಚ್ಚಳಕ್ಕೆ ತೂತು ಹೊಡೆದು, ಹಲ್ಲಿಯನ್ನು ಅದರೊಳಗೆ ಬಿಟ್ಟುಕೊಂಡು ಹೊರಟ. ಪಕ್ಕದ ಮನೆಯಲ್ಲೇ ಇದ್ದ ಅವನ ಅಕ್ಕ ಬೋರಕ್ಕ ಅಂಗಳದಲ್ಲಿ ಅಡ್ಡ ನಿಂತಳು.

"ಲೇ ಕ್ಯಾತಾ, ತಲೆಗಿಲೆ ಕೆಟ್ಟದೇನ್ಲಾ? ಹಲ್ಲಿ ಮುಟ್ಟವ್ನೆ! ತಲೆ ಮ್ಯಾಲೆ ನೀರು ಹುಯ್ಕಳ್ದೆ ಒಳಕ್ಕೆ ಕಾಲಿಟ್ಟೀಯ, ಜ್ವಾಕೆ."

"ಬಂದ್ಮೇಲೆ ಹುಯ್ಕಂತೀನಿ ಬುಡಕ್ಕ," ಅಂದು ಬಸ್ಸಿನ ದಾರಿ ಹಿಡಿದ.

ದನದ ಆಸ್ಪತ್ರೆಯ ಮುಂದೆ ಹಸುಗಳು, ಮೇಕೆಗಳು, ಹೊಟ್ಟೆ ಉಬ್ಬಿದ ಒಂದು ಎಮ್ಮೆ. ಇವನ ಬಾಟಲಿ ಕಂಡು ಎಮ್ಮೆಯವನು, "ಏನ್ ಕ್ಯಾತಪ್ಪ, ಕುರಿ ಮಾರಿ ಇದನ್ನ ಸಾಕಿದೀಯ? ಹಾಲು ಎಷ್ಟು ಕರೀತದೆ?" ಅಂದ. ಎಲ್ಲರೂ ನಕ್ಕರು. ಕ್ಯಾತಪ್ಪನಿಗೆ ನಾಚಿಕೆಯಾಗಲಿಲ್ಲ, ಸಿಟ್ಟೂ ಬರಲಿಲ್ಲ. ಸರದಿ ಬರುವವರೆಗೆ ಬಾಟಲಿಗೆ ಬಿಸಿಲು ಬೀಳದಂತೆ ಟವೆಲ್ ಮುಚ್ಚಿಕೊಂಡು ಕೂತ.

ಹೊಸದಾಗಿ ಬಂದಿದ್ದ ಡಾಕ್ಟರು ಶಶಿರೇಖಾ ಬಾಟಲಿ ನೋಡಿ ಮೊದಲು ನಕ್ಕಳು, ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಯಜಮಾನ್ರೇ, ನಾನು ಓದಿರೋದು ದನ, ಕುರಿ, ಕೋಳಿ, ನಾಯಿ. ಹಲ್ಲಿಗೆ ಇವತ್ತಿನವರೆಗೂ ಮದ್ದು ಮಾಡಿಲ್ಲ," ಅಂದವಳು ಭೂತಗನ್ನಡಿ ತಂದು ಬಗ್ಗಿ ನೋಡಿದಳು. "ಉಣ್ಣೆ ಜಾತಿಯದ್ದೇ. ರಕ್ತ ಹೀರ್ತಾ ಇವೆ."

"ಹೊಟ್ಟೇಲಿ ಜಂತು ಇದ್ರೂ ಇರಬೋದು ತಾಯಿ. ಗೊಟ್ಟ ಹಾಕ್ಲಾ?"

ಗೊಟ್ಟವೆಂದರೆ ದನಕರುವಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಅದರೊಳಗೆ ಈ ಹಲ್ಲಿಯ ಸಂಸಾರವೇ ಬಿಡಾರ ಮಾಡಬಹುದಿತ್ತು.

"ಅಯ್ಯೋ, ಬೇಡ ಬೇಡ! ಒಂದು ತೊಟ್ಟು ಹೆಚ್ಚಾದ್ರೂ ಸತ್ತೋಗುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಒದ್ದೆ ಹತ್ತೀಲಿ ಮೆಲ್ಲಗೆ ಒರೆಸಿ. ಅಷ್ಟೇ. ಔಷಧಿ ಏನೂ ಹಾಕ್ಬೇಡಿ, ಚರ್ಮ ಬಹಳ ತೆಳು."

ಅವನು ಮನೆಗೆ ಬಂದು ಹಾಗೆಯೇ ಮಾಡಿದ. ಅರ್ಧದಷ್ಟು ಉದುರಿದವು, ಅರ್ಧ ಕಚ್ಚಿಕೊಂಡೇ ಇದ್ದವು. ಆಗ ಅವನ ಕೈ ತಾನಾಗಿಯೇ ಸೂರಿನಲ್ಲಿದ್ದ ಹೊಂಗೆ ಎಣ್ಣೆಯ ಸೀಸೆಗೆ ಹೋಯಿತು. ಕುರಿಮರಿಯ ಗೊರಸಿನ ಸಂದಿಗೆ ಉಣ್ಣೆ ಹತ್ತಿದರೆ ಅವನ ಅಪ್ಪ ಸವರುತ್ತಿದ್ದುದು ಅದನ್ನೇ, ಅಜ್ಜನೂ ಅದನ್ನೇ. ಡಾಕ್ಟರ ಮಾತನ್ನು ಅವನೇನೂ ಮೀರಲಿಲ್ಲ. ಅವನ ಪ್ರಕಾರ ಔಷಧಿಯೆಂದರೆ ಆಸ್ಪತ್ರೆಯಲ್ಲಿ ಕೊಡುವುದು. ಹೊಂಗೆ ಎಣ್ಣೆ ಮನೆಯದು. ನಾಲ್ಕು ಕಾಲಿನ ಅಡಿಗೂ ಚೆನ್ನಾಗಿ ಸವರಿದ. ಉಣ್ಣೆಗಳು ಸತ್ತವು, ಅದೇನೋ ನಿಜ.

ಗೋಡೆಗೆ ಬಿಟ್ಟ. ಹಲ್ಲಿ ಎರಡು ಹೆಜ್ಜೆ ಹತ್ತಿ ಜಾರಿ ಬಿತ್ತು. ಮತ್ತೆ ಹತ್ತಿತು, ಮತ್ತೆ ಬಿತ್ತು. ಹುಟ್ಟಿದಾಗಿನಿಂದ ಗೋಡೆಯ ಮೇಲೆಯೇ ಬದುಕಿದ ಜೀವಕ್ಕೆ ಗೋಡೆಯೇ ತಪ್ಪಿಹೋಗಿತ್ತು. ಕೊನೆಗೆ ಅದು ನೆಲದ ಮೇಲೆ ಸುಮ್ಮನೆ ಬಾಯಿ ತೆರೆದುಕೊಂಡು ಕೂತಿತು. ಕ್ಯಾತಪ್ಪನ ಎದೆಯಲ್ಲಿ ಏನೋ ಚುಳ್ಳೆಂದಿತು. ಏನೆಂದು ಅವನಿಗೆ ತಕ್ಷಣ ಗೊತ್ತಾಗಲಿಲ್ಲ, ಅಷ್ಟು ಕಾಲವಾಗಿತ್ತು ನೋವು ತಿಳಿದು.

ಮತ್ತೆ ಆಸ್ಪತ್ರೆ. ಶಶಿರೇಖಾ ಹಣೆ ಚಚ್ಚಿಕೊಂಡಳು. "ಎಣ್ಣೆ ಯಾರು ಹಚ್ಚು ಅಂದ್ರು ನಿಮ್ಗೆ? ಪಾದದ ಅಡೀಲಿ ಗೆರೆ ಗೆರೆ ಇದೆ ನೋಡಿ, ಅದು ಗೋಡೆ ಹಿಡಿಯೋದೇ ಅದ್ರಿಂದ. ಪೊರೆ ಬಿಡೋವರೆಗೂ ಕೆಳಗಿಟ್ಟು ಕಾಪಾಡಿ. ಹೊಸ ಚರ್ಮ ಬಂದ್ರೆ ಹತ್ತಬಹುದು."

"ಬದುಕ್ತದಾ ತಾಯಿ?"

"ತಿಂದ್ರೆ ಬದುಕುತ್ತೆ."

ಬರೀ ಅಗುಳು ಸಾಲದು, ಅದು ತಿನ್ನಬೇಕಾದ್ದು ಹುಳ. ಕ್ಯಾತಪ್ಪ ಸದಾಶಿವಯ್ಯನವರ ಅಟ್ಟದಲ್ಲಿ ಕೊಬ್ಬರಿಗೆ ಬರುವ ಪತಂಗಗಳನ್ನು ಬೆಂಕಿಪೊಟ್ಟಣದಲ್ಲಿ ಹಿಡಿದು ತರತೊಡಗಿದ. ಹಲ್ಲಿಗೆ ಕುಕ್ಕೆಯೊಂದರಲ್ಲಿ ಒದ್ದೆ ಬಟ್ಟೆಯ ಹಾಸಿಗೆಯಾಯಿತು. ಬೆಕ್ಕು ಸುಳಿಯದಂತೆ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಕಾಯುವುದು ಅವನ ಹುಟ್ಟುಗುಣ. ಕುರಿಯೋ ಹಲ್ಲಿಯೋ, ಕಾಯಲು ಒಂದು ಸಿಕ್ಕಿತ್ತು.

"ತಿನ್ನಪ್ಪ, ಮುನಿಸ್ಕಬ್ಯಾಡ," ಅನ್ನುತ್ತಿದ್ದ ಕುಕ್ಕೆಗೆ. "ನಾನೇ ತ್ಯಪ್ಪು ಮಾಡ್ದೆ. ಹೊಂಬಾಳಿ ಇದ್ದಿದ್ರೆ ಬೋದಿರೋಳು."

ಹೆಂಡತಿಯ ಹೆಸರು ಅವನ ಬಾಯಲ್ಲಿ ಬಂದದ್ದನ್ನು ಕೋಮಲಾ ಬಾಗಿಲಾಚೆ ನಿಂತು ಕೇಳಿದಳು. ಕಣ್ಣು ಒರೆಸಿಕೊಂಡು, ಏನೂ ಕೇಳದವಳಂತೆ ಒಲೆ ಊದಿದಳು.

ಹಲ್ಲಿ ಒಂದೊಂದೇ ಪತಂಗ ತಿನ್ನತೊಡಗಿತು; ಆಮೇಲೆ ಮಸುಕಾಯಿತು, ಬೆಳ್ಳಗಾಯಿತು. ಒಂದು ಸಂಜೆ ಪೊರೆ ಕಳಚಿ, ಅದನ್ನೂ ತಿಂದು ಮುಗಿಸಿ, ಕುಕ್ಕೆಯ ಅಂಚಿನಿಂದ ಗೋಡೆಗೆ ಕಾಲಿಟ್ಟಿತು. ಅಪ್ಪ ಮಗಳು ಉಸಿರು ಬಿಗಿಹಿಡಿದು ನೋಡಿದರು. ಮೊದಲು ನಿಂತಿತು. ಆಮೇಲೆ ಸರಸರನೆ ಹತ್ತಿ, ಕ್ಯಾಲೆಂಡರಿನ ಹಿಂದೆ ಹೋಯಿತು. ಕ್ಯಾತಪ್ಪ ಖಾಲಿ ಕುಕ್ಕೆ ಹಿಡಿದುಕೊಂಡು ಕೂತುಬಿಟ್ಟ.

ಕೋಮಲಾ ಮೂರು ತಟ್ಟೆ ಹಾಕಿ ಬಡಿಸಿದಳು. ಕೂತವಳು ಧೈರ್ಯ ಮಾಡಿದಳು.

"ಅಪ್ಪಾ, ಬೋರತ್ತೆ ಬೆಳಿಗ್ಗೆ ಕೇಳುದ್ರು. ವರ್ಷದ ಎಡೆ ಇಡ್ಬೇಕಂತೆ."

ಅವನು ಮುದ್ದೆ ಮುರಿದ.

"ಅವ್ವ ಸತ್ತು ವರ್ಷ ಆಗ್ತಾ ಬಂತು ಕಣಪ್ಪ. ಅವ್ಳು ಇನ್ನ ಬರಾಕಿಲ್ಲ."

'ಸತ್ತು' ಅನ್ನುವ ಮಾತನ್ನು ಆ ಮನೆಯೊಳಗೆ ಅದುವರೆಗೆ ಯಾರೂ ಆಡಿರಲಿಲ್ಲ. ಕ್ಯಾಲೆಂಡರಿನ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು.

ಕ್ಯಾತಪ್ಪನ ಕೈ ನೆಲಕ್ಕೆ ಹೋಯಿತು. ಅವನು ಎಂದೂ ಕುಟ್ಟಿದವನಲ್ಲ, ಅದು ಅವಳ ಕೆಲಸವಾಗಿತ್ತು. ಬೆರಳ ಗೆಣ್ಣಿನಿಂದ ಕುಟ್ಟಿದ. "ಕೃಷ್ಣ" ಅಂದ. ಎರಡನೆಯ ಸಲ ಅನ್ನಲು ಆಗಲಿಲ್ಲ. ಜೋಮು ಬಿಡುವಾಗಲೇ ಅಲ್ಲವೇ ಕಾಲು ಚುಚ್ಚುವುದು? ಮೈಯೆಲ್ಲ ಚುಚ್ಚಿತು. ಮೊಣಕಾಲಿಗೆ ಮುಖ ಒತ್ತಿಕೊಂಡು ಅವನು ಗೋಳೋ ಎಂದು ಅತ್ತ. ಪಕ್ಕದ ಮನೆಯಿಂದ ಬೋರಕ್ಕ ಓಡಿಬಂದವಳು ಹೊಸ್ತಿಲಲ್ಲೇ ನಿಂತಳು. ಕೋಮಲಾ ಎಂಜಲು ಕೈಯಲ್ಲೇ ಅಪ್ಪನ ಬೆನ್ನು ಹಿಡಿದುಕೊಂಡಳು.

ಬಹಳ ಹೊತ್ತಾದ ಮೇಲೆ ಅವನು ಕಣ್ಣೊರೆಸಿಕೊಂಡು ಎದ್ದ. ತನ್ನ ತಟ್ಟೆಯಿಂದ ನಾಲ್ಕು ಅಗುಳು ತೆಗೆದು ಗೂಡಿನ ಅಂಚಿಗೆ ಇಟ್ಟ.

"ನಾಳಿಂದ ಎರಡೇ ತಟ್ಟೆ ಹಾಕವ್ವ," ಅಂದ.

ಕೋಮಲಾ ಅವ್ವನ ತಟ್ಟೆಯ ಅನ್ನವನ್ನು ಅಪ್ಪನ ತಟ್ಟೆಗೆ ಬಡಿಸಿ, ತಟ್ಟೆ ತೊಳೆದು ಬೋರಲು ಹಾಕಿದಳು.