ನೆರಳು ಮೇಷ್ಟ್ರ ಕೈಗಳು

ನಮ್ಮ ವಿಶ್ವವಿದ್ಯಾಲಯದ ಹಳೆಯ ಕಟ್ಟಡದಲ್ಲಿ ಕೋಣೆಗಳನ್ನು ಹಂಚಿದವರ ತಲೆ ನೆಟ್ಟಗಿರಲಿಲ್ಲ ಎಂಬುದು ನನ್ನ ಅನುಮಾನ. ಕೆಳಗೆ ಭೂವಿಜ್ಞಾನದವರ ಕಲ್ಲುಗಳ ರಾಶಿ, ಮೇಲೆ ಹಳೆಯ ಲಿಪಿಗಳನ್ನು ಓದುವವರ ಮೌನ, ನಡುವಿನ ಮಹಡಿಯಲ್ಲಿ ನನ್ನ ಸಂಖ್ಯಾಶಾಸ್ತ್ರದ ತರಗತಿ. ಅದರ ಗೋಡೆಗೆ ಅಂಟಿಕೊಂಡೇ ಸಂಗೀತ ವಿಭಾಗದ ಅಭ್ಯಾಸದ ಕೋಣೆ. ನಾನು ಬೋರ್ಡಿನ ಮೇಲೆ ಸರಾಸರಿ ಬಿಡಿಸುತ್ತಿದ್ದರೆ ಹುಡುಗರು ತಲೆದೂಗುತ್ತಿದ್ದರು. ಅದು ನನ್ನ ಪಾಠಕ್ಕಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಗೋಡೆಯಾಚೆ ಪಿಯಾನೊ ನುಡಿಸುತ್ತಿದ್ದವರನ್ನು ಎಲ್ಲರೂ ನೆರಳು ಮೇಷ್ಟ್ರು ಎನ್ನುತ್ತಿದ್ದರು. ಹಾಡುವ ವಿದ್ಯಾರ್ಥಿಗಳಿಗೆಲ್ಲ ಪಕ್ಕವಾದ್ಯ ನುಡಿಸುವುದು ಅವರ ಕೆಲಸ. ಹಾಡುವವರು ಓಡಿದರೆ ಇವರೂ ಓಡುವರು, ಉಸಿರು ಸಾಲದೆ ನಿಂತರೆ ಇವರೂ ನಿಲ್ಲುವರು, ಗಾಬರಿಯಲ್ಲಿ ಒಂದು ಸಾಲನ್ನೇ ನುಂಗಿಬಿಟ್ಟರೆ ಇವರೂ ನುಂಗಿ ಮುಂದಿನ ಸಾಲಿಗೆ ಹಾಜರಾಗುವರು. ಕೇಳುವವರಿಗೆ ತಪ್ಪು ನಡೆದದ್ದೇ ಗೊತ್ತಾಗುತ್ತಿರಲಿಲ್ಲ. ಸಂಗೀತ ವಿಭಾಗದಲ್ಲಿ ಫೇಲಾಗುವವರೇ ಇಲ್ಲ ಎಂಬ ಹೆಗ್ಗಳಿಕೆಯಲ್ಲಿ ಅರ್ಧ ಪಾಲು ಆ ಕೈಗಳದ್ದು.

ಅವರ ಮಗಳೂ ಅಲ್ಲೇ ಹಾಡುಗಾರಿಕೆ ಓದುತ್ತಿದ್ದಳು. ತುಂಬು ಕಂಠ. ಸಂಜೆ ಅಪ್ಪ ಮಗಳು ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ನಾನು ಚಹಾದ ನೆಪ ಮಾಡಿಕೊಂಡು ಹೋಗುತ್ತಿದ್ದೆ. ಒಂದು ಹಾಡಿನಲ್ಲಿ ಅವಳು ಮೇಲಿನ ಸ್ವರಕ್ಕೆ ಏರುವ ಮುನ್ನ ಸಾವಕಾಶವಾಗಿ ಉಸಿರು ತುಂಬಿಕೊಳ್ಳುವಳು. ಮೇಷ್ಟ್ರು ಬೆರಳುಗಳನ್ನು ಹಾಗೇ ಹಿಡಿದುಕೊಂಡು, ಅವಳ ಹೆಗಲು ಏರುವುದನ್ನೇ ನೋಡುತ್ತ ಕಾಯುವರು. ಆ ಹಾಡಿನ ಸೊಗಸೆಲ್ಲ ಅಲ್ಲೇ ಇದೆ ಎಂದು ನಾನು ನಂಬಿದ್ದೆ. ಕೊನೆಯ ಪರೀಕ್ಷೆಗೆ ಅವಳು ಆರಿಸಿಕೊಂಡದ್ದೂ ಅದನ್ನೇ. ಒಳ್ಳೆಯ ದರ್ಜೆ ಬಂದರೆ ಅದೇ ವಿಭಾಗದಲ್ಲಿ ಕಿರಿಯರಿಗೆ ಕಲಿಸುವ ಕೆಲಸ ಅವಳದಾಗುತ್ತಿತ್ತು. ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಆ ವರ್ಷ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದರು. ಲಯದ ಬಗ್ಗೆಯೇ ದಪ್ಪ ಪುಸ್ತಕ ಬರೆದ ವಿದ್ವಾಂಸೆ. ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಪರೀಕ್ಷೆ ಇರುವುದು ಹಾಡುವವರಿಗೋ ನುಡಿಸುವವರಿಗೋ ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಪಿಯಾನೊ ಮೇಲೆ, ಒಂದೇ ಸಮನೆ ಬಡಿಯುತ್ತ ದೀಪ ಮಿಣುಕಿಸುವ ಪುಟ್ಟದೊಂದು ತಾಳಯಂತ್ರ ಇಡಿಸಿದರು. ಪರೀಕ್ಷೆಯಲ್ಲಿ ಅದರ ಶಬ್ದ ನಿಲ್ಲಿಸಿ ಕೆಂಪು ದೀಪವೊಂದನ್ನೇ ಮಿಣುಕಲು ಬಿಡುತ್ತಾರೆ. ಮೇಷ್ಟ್ರು ದೀಪ ನೋಡಿಕೊಂಡು ನುಡಿಸಬೇಕು, ಹಾಡುವವರನ್ನು ನೋಡಿಕೊಂಡಲ್ಲ. ಮಗಳ ಪರೀಕ್ಷೆಗೆ ಮಾತ್ರ ಬೇರೆ ಯಾರನ್ನಾದರೂ ಕರೆಸಿ ಎಂದು ಮೇಷ್ಟ್ರು ಅಂಗಲಾಚಿದರು. ಬೇರೆ ಯಾರೂ ಸಿಗಲಿಲ್ಲ. ದೀಪದಂತೆ ನುಡಿಸಿದರೆ ಅಪ್ಪನ ಕೈವಾಡ ಎಂದು ಯಾರೂ ಬೆರಳು ತೋರಿಸುವುದಿಲ್ಲ, ನಿಮಗೇ ಒಳ್ಳೆಯದು ಎಂದು ಮುಖ್ಯಸ್ಥೆ ಸಮಾಧಾನ ಹೇಳಿದರು.

ಮನೆಯಲ್ಲಿ ಯಂತ್ರವಿರಲಿಲ್ಲ. ಅದು ಬೇಕೆಂದೂ ಇಬ್ಬರಿಗೂ ಅನಿಸಲಿಲ್ಲ. ಇಷ್ಟು ವರ್ಷ ನುಡಿಸಿದವನಿಗೆ ತಾಳ ಹೇಳಿಕೊಡಬೇಕೇ ಎಂದು ಮೇಷ್ಟ್ರು ಮನಸ್ಸಿನಲ್ಲೇ ಎಣಿಸುತ್ತ ಕಟ್ಟುನಿಟ್ಟಾಗಿ ನುಡಿಸಿದರು. ಮಗಳು ಕಟ್ಟುನಿಟ್ಟಾಗಿ ಹಾಡಿದಳು. ಮೇಷ್ಟ್ರ ಎಣಿಕೆಯೇ ಅವಳಿಗಾಗಿ ಕಾಯುತ್ತಿತ್ತು ಎಂಬುದು ಅಪ್ಪನಿಗೂ ತಿಳಿಯಲಿಲ್ಲ, ಮಗಳಿಗೂ ತಿಳಿಯಲಿಲ್ಲ, ಚಹಾ ಕುಡಿಯುತ್ತ ತಲೆದೂಗುತ್ತಿದ್ದ ನನಗಂತೂ ತಿಳಿಯಲೇ ಇಲ್ಲ.

ಪರೀಕ್ಷೆಯಲ್ಲಿ ಯಾರು ಬೇಕಾದರೂ ಕೂತು ಕೇಳಬಹುದಿತ್ತು. ನಾನು ಹಿಂದಿನ ಸಾಲಿನಲ್ಲಿದ್ದೆ. ಅವಳು ಚೆನ್ನಾಗಿಯೇ ಶುರು ಮಾಡಿದಳು. ಆ ಜಾಗ ಬಂತು, ಉಸಿರು ತುಂಬಿಕೊಂಡಳು. ಪಿಯಾನೊ ನಿಲ್ಲಲಿಲ್ಲ. ಅವಳು ಮೇಲಿನ ಸ್ವರ ಹಿಡಿಯುವಷ್ಟರಲ್ಲಿ ಅಪ್ಪ ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದರು. ಅವಳು ತಿರುಗಿ ನೋಡಿದಳು. ಮೇಷ್ಟ್ರು ದೀಪದಿಂದ ಕಣ್ಣು ಕೀಳಲಿಲ್ಲ. ಓಡಿ ಹಿಡಿಯಲು ಹೋಗಿ ಎಡವಿದಳು, ಮತ್ತೆ ಎಡವಿದಳು, ಆಮೇಲೆ ಸುಮ್ಮನೆ ನಿಂತುಬಿಟ್ಟಳು. ಗಾಬರಿಯಾಗಬೇಡಮ್ಮ, ಇನ್ನೊಮ್ಮೆ ಹಾಡು ಎಂದರು ಮುಖ್ಯಸ್ಥೆ. ಇನ್ನೊಮ್ಮೆಯೂ ಅದೇ ಜಾಗದಲ್ಲಿ ಅದೇ ಕಥೆ. ಎದ್ದು ಹೋಗಿ ಆ ದೀಪವನ್ನು ಕಿತ್ತೆಸೆಯಬೇಕು ಎನಿಸಿತು ನನಗೆ. ಕೂತಲ್ಲೇ ಕೂತಿದ್ದೆ.

ಅವಳು ವೇದಿಕೆ ಇಳಿದು ಹೋದಳು. ಮೇಷ್ಟ್ರು ಹಿಂದೆ ಹೋಗುವಂತಿರಲಿಲ್ಲ, ಮುಂದಿನ ವಿದ್ಯಾರ್ಥಿ ಆಗಲೇ ಬಂದು ನಿಂತಿದ್ದ. ಅವನಿಗೆ ನುಡಿಸಿದರು, ಅವನ ನಂತರದವರಿಗೂ ನುಡಿಸಿದರು. ಎಲ್ಲ ಮುಗಿದ ಮೇಲೆ ನಾನೂ ಅವರೂ ಅವಳನ್ನು ಹುಡುಕಿಕೊಂಡು ಇಳಿದೆವು. ಕೆಳಗಿನ ಮಹಡಿಯಲ್ಲಿ, ಚೀಟಿ ಅಂಟಿಸಿದ ಕಲ್ಲುಗಳ ಕಪಾಟಿಗೆ ಒರಗಿ ಕೂತಿದ್ದಳು. ಅತ್ತು ಮುಗಿದಿತ್ತು.

“ನಂಗೆ ತಾಳ ಬರಲ್ಲ ಅಂತ ಒಂದ್ಸಲ ಆದ್ರೂ ಹೇಳ್ಬಾರ್ದಿತ್ತಾ ಅಪ್ಪ?” ಎಂದಳು.

“ನಂಗೂ ಗೊತ್ತಿರ್ಲಿಲ್ಲ ಕಣಮ್ಮ,” ಎಂದರು ಮೇಷ್ಟ್ರು.

ಅದು ನಿಜವೇ. ನಿಜವಾಗಿದ್ದರಿಂದಲೇ ಅದಕ್ಕೆ ಮದ್ದಿರಲಿಲ್ಲ. ಕಲಿಸುವ ಕೆಲಸ ಬೇರೊಬ್ಬ ಹುಡುಗಿಯ ಪಾಲಾಯಿತು. ಮತ್ತೆ ಪರೀಕ್ಷೆ ಕಟ್ಟುತ್ತೇನೆ, ಆದರೆ ನೀನು ಮಾತ್ರ ನುಡಿಸಬೇಡ ಎಂದು ಮಗಳು ಅಪ್ಪನಿಗೆ ಹೇಳಿದಳು. ಸಿಟ್ಟಿನಿಂದ ಹೇಳಿದ್ದಲ್ಲ. ಮನೆಯಲ್ಲಿ ಕಾಯದೆ ನುಡಿಸು ಎಂದು ಎಷ್ಟು ಬಾರಿ ಕೂರಿಸಿದರೂ ದೀಪವಿಲ್ಲದ ಕಡೆ ಆ ಕೈಗಳು ಅವಳ ಉಸಿರಿಗೆ ನಿಂತೇ ನಿಲ್ಲುತ್ತಿದ್ದವು.

ಈಗ ಗೋಡೆಯಾಚೆ ಅವಳೊಬ್ಬಳೇ ಹಾಡುತ್ತಾಳೆ, ತಾಳಯಂತ್ರದ ಶಬ್ದ ಜೋರು ಮಾಡಿಟ್ಟುಕೊಂಡು. ನನ್ನ ಹುಡುಗರು ತಲೆದೂಗುವುದನ್ನು ಬಿಟ್ಟಿದ್ದಾರೆ. ಮೊನ್ನೆ ತರಗತಿ ಮುಗಿಸಿ ಹೊರಬಂದರೆ ಮೇಷ್ಟ್ರು ಮುಚ್ಚಿದ ಬಾಗಿಲ ಪಕ್ಕ ನಿಂತು ಗೋಡೆಯ ಮೇಲೆ ಬೆರಳಾಡಿಸುತ್ತಿದ್ದರು. ನನ್ನನ್ನು ಕಂಡು ತಗ್ಗಿದ ದನಿಯಲ್ಲಿ ಕೇಳಿದರು.

“ಸಾರ್, ನೀವು ಲೆಕ್ಕದವ್ರು. ಎಲ್ಲಿ ತಡ ಮಾಡ್ತಿದಾಳೆ ನೋಡಿ ಹೇಳಿ. ನಂಗೆ ತಿಳಿಯಲ್ಲ. ಅವಳು ಎಲ್ಲಿ ಉಸಿರು ತಗೊಂಡ್ರೂ ನಂಗೆ ಅದೇ ಸರಿ ಅನ್ಸುತ್ತೆ.”

ಒಳಗೆ ಅವಳು ಹಾಡಿನ ಆ ಜಾಗಕ್ಕೆ ಬಂದು ಉಸಿರಿಗೆ ನಿಂತಳು. ಯಂತ್ರ ಟಕ್ ಟಕ್ ಎಂದು ಮುಂದೆ ಹೋಯಿತು. ಮೇಷ್ಟ್ರ ಬೆರಳು ಗೋಡೆಯ ಮೇಲೆ ಕಾಯುತ್ತಿತ್ತು.